ಬೇವಿನ ಗಿಡಕ್ಕೆ ತೂಗುಹಾಕಿದ ತಾತ

ಮೊನ್ನೆ ನಮ್ಮ ಮನೆ ಮುಂದಿನ ಬೇವಿನ ಗಿಡದ ಟೊಂಗೆಗಳು ಲೈಟಿನ ತಂತಿಗೆ ತಾಗುತ್ತವೆಂದು ಕಡಿಯಲು ಇಬ್ಬರು ಬಂದಿದ್ದರು. ಗಿಡ ಏರಿದವನ ಗರಗಸ ಒಂದು ಕಡೆ ಕಿರುಗುಟ್ಟಿ ನಿಂತುಬಿಟ್ಟಿತು. "ಒಳಗ ಕಬ್ಬಿಣ ಅದ ನೋಡ್ರಿ. ಇಂಥಾ ಹಸಿ ಗಿಡಕ್ಕ ಯಾರ್ರಿ ಮೊಳಿ ಹೊಡದಾವ್ರು?" ಎಂದು ಮೇಲಿನಿಂದಲೇ ತಕರಾರು ಎತ್ತಿದ. ಹೊಡೆದವನು ನಾನೇ. ಅದಕ್ಕೆ ನಮ್ಮ ತಾತನನ್ನು ತೂಗುಹಾಕಿದ್ದೆವು ಎಂದು ಹೇಳಿದರೆ ಅವನು ಗಾಬರಿಬಿದ್ದು ಕೈಬಿಟ್ಟಾನು ಎಂದು, "ಹಳೇದದು, ಸ್ವಲ್ಪ ಮ್ಯಾಲ ಕೊಯ್ಯಪ್ಪಾ" ಎಂದಷ್ಟೇ ಹೇಳಿದೆ.

ತಾತ ಎಂದರೆ ಇಡಿಯ ತಾತನಲ್ಲ. ಸುಟ್ಟ ಮೇಲೆ ಉಳಿದಷ್ಟು ತಾತ. ಒಂದು ಮಣ್ಣಿನ ಗಡಿಗೆ, ಅದರ ಬಾಯಿಗೆ ಕೆಂಪು ಬಟ್ಟೆ, ಕುತ್ತಿಗೆಗೆ ಹುರಿ. ರಾಯಚೂರಿನ ಒಂದು ಇಡೀ ಬೇಸಿಗೆಯನ್ನು ಅವನು ಹೀಗೆ ಗಿಡದ ಮೇಲೆ ಕಳೆದ. ಬದುಕಿದ್ದಾಗಲೂ ಬೇಸಿಗೆಯಲ್ಲಿ ಅವನ ಮಂಚ ಅದೇ ಗಿಡದ ಕೆಳಗೆ ಇರುತ್ತಿದ್ದುದರಿಂದ ಅಂಥ ದೊಡ್ಡ ಬದಲಾವಣೆಯೇನೂ ಆಗಲಿಲ್ಲ ಎಂದು ನಾವು ಸಮಾಧಾನಪಟ್ಟುಕೊಂಡಿದ್ದೆವು.

ಇದನ್ನು ಕೇಳಿ ನೀವು ನಮ್ಮದು ಭಾರಿ ವೈದಿಕರ ಮನೆ ಎಂದುಕೊಂಡೀರಿ. ಅಲ್ಲ. ನಮ್ಮದು ಸುಡುವ ಮನೆತನವೇ ಅಲ್ಲ. ದೇವದುರ್ಗದಿಂದ ಕೃಷ್ಣಾ ಹೊಳೆಯ ಕಡೆಗೆ ಹೋಗುವ ದಾರಿಯಲ್ಲಿ ನಮ್ಮೂರು. ಅಲ್ಲಿ ನಮ್ಮವರು ಯಾರು ಸತ್ತರೂ ಹೊಲದಲ್ಲೇ ಮಣ್ಣು ಮಾಡುವುದು. ಬೇರೆ ಮನೆತನದವರು ತಮ್ಮ ಚರಿತ್ರೆಯನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕುತ್ತಾರಂತೆ. ನಾವು ಹೊಲದಲ್ಲಿಟ್ಟು ಮೇಲೆ ಕಲ್ಲು ಹೇರಿದ್ದೆವು. ಬದುವಿನ ಗುಂಟ ನಡೆದರೆ ಸಾಕು: ಈ ಕಲ್ಲಿನ ಗುಪ್ಪೆ ತಾತನ ತಾತ, ಇದು ಅವನ ಮೊದಲ ಹೆಂಡತಿ, ಅದು ಎರಡನೆಯವಳು; ನಡುವೆ ಅಷ್ಟು ಜಾಗ ಬಿಟ್ಟಿರುವುದು ಇಬ್ಬರಿಗೂ ಆಗಿಬರುತ್ತಿರಲಿಲ್ಲ ಎಂಬ ಕಾರಣಕ್ಕೆ. ಗಂಡಹೆಂಡತಿಯನ್ನು ಪಕ್ಕಪಕ್ಕದಲ್ಲಿ ಮಲಗಿಸುವುದು ನಮ್ಮಲ್ಲಿ ರೂಢಿ. ಮೊದಲು ಹೋದವರ ಬಲಕ್ಕೋ ಎಡಕ್ಕೋ ಇನ್ನೊಬ್ಬರಿಗೆ ಜಾಗ ಬಿಟ್ಟಿರುತ್ತಾರೆ.

ಈ ಕಲ್ಲಿನ ಗುಪ್ಪೆಗಳಿಗೆ ಬಾಯಿ ಕೊಡುವವನು ಹೆಳವ. ನಮ್ಮ ಕಡೆಯವರಿಗೆ ಹೆಳವ ಗೊತ್ತೇ ಇರುತ್ತಾನೆ. ಕೆಲವು ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಮೇಲೆ, ಎತ್ತಿನ ಮೇಲೆ ಕುಳಿತು ಗಂಟೆ ಬಾರಿಸುತ್ತ ಅಂಗಳಕ್ಕೆ ಬಂದು ಮನೆತನದ ಹಿರಿಯರ ಹೆಸರುಗಳನ್ನೆಲ್ಲ ಮೂಲಪುರುಷನಿಂದ ಹಿಡಿದು ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಇಂಥವನ ಮಗ ಇಂಥವ, ಇಂಥ ಊರಿನ ಹೆಣ್ಣು ತಂದ, ಇಂಥ ಗಿಡದ ಬುಡಕ್ಕೆ ಮಣ್ಣಾದ ಎಂದು. ಚರಿತ್ರೆ ಹೇಳುವ ಎಲ್ಲರಂತೆ ಅವನೂ ಕೇಳುವವರ ಕೈ ನೋಡಿಯೇ ಹೇಳುತ್ತಿದ್ದ. ನಾವು ಹೋರಿಕರು ಕೊಟ್ಟ ವರ್ಷ ನಮ್ಮ ಮೂಲಪುರುಷ ಹುಲಿಯನ್ನು ಬರಿಗೈಲಿ ಕೊಂದಿದ್ದ. ಬರೀ ಜೋಳ ಕೊಟ್ಟ ವರ್ಷ ತೋಳವನ್ನು ಓಡಿಸಿದ್ದ. ಮಳೆ ಕೈಕೊಟ್ಟ ಒಂದು ವರ್ಷ ಹಳೆಯ ಧೋತರ ಕೊಟ್ಟಿದ್ದಕ್ಕೆ ಮೂಲಪುರುಷ ನಾಯಿ ಕಡಿಸಿಕೊಂಡು ಸತ್ತ.

ಇಂಥ ಮನೆತನದಲ್ಲಿ ಹುಟ್ಟಿದ ನಮ್ಮ ತಾತ, ಎಪ್ಪತ್ತರ ದಶಕದ ಕೊನೆಗೆ ಊರವರ ಜೊತೆ ರೈಲು ಹತ್ತಿ ಕಾಶಿಗೆ ಹೋಗಿ ಬಂದವನು, ಬಂದ ದಿನವೇ ಎಲ್ಲರೆದುರು ಹೇಳಿಬಿಟ್ಟ. "ನಾ ಸತ್ರ ನನ್ನ ಹೊಲದಾಗ ಇಡಬ್ಯಾಡ್ರಿ. ಸುಟ್ಟು, ಬೂದಿ ಹೊಳಿಗಿ ಬಿಡ್ರಿ."

ಕಾಶಿಯ ಗಾಳಿ ತಾಗಿದೆ, ನಾಲ್ಕು ದಿನದಲ್ಲಿ ಇಳಿಯುತ್ತದೆ ಎಂದು ಎಲ್ಲರೂ ಅಂದುಕೊಂಡರು. ನನಗೆ ಮಾತ್ರ ಬೇರೆ ಏನೋ ನೆನಪಾಯಿತು. ತಾತನ ಅಪ್ಪನ ಗುಪ್ಪೆ, ಪಾಲಾದಾಗ, ತಾತನ ತಮ್ಮನ ಹೊಲಕ್ಕೆ ಹೋಗಿತ್ತು. ಆಮೇಲೆ ಇಬ್ಬರಿಗೂ ಒಂದು ಕರುವಿನ ಸಲುವಾಗಿ ಮಾತು ಕೆಟ್ಟಿತು. ಹಿರಿಯರಿಗೆ ಎಡೆ ಹಿಡಿಯುವ ಅಮಾವಾಸ್ಯೆ ಬಂದರೆ ತಾತ ಬದುವಿನ ಈಚೆಗೆ ನಿಂತು ಆಚೆಗಿರುವ ಅಪ್ಪನಿಗೆ ಕಾಯಿ ಒಡೆಯುತ್ತಿದ್ದ. ಕಾಯಿಯ ನೀರು ಈಚೆಗೇ ಚೆಲ್ಲುತ್ತಿತ್ತು. ಎಡೆಯ ಅನ್ನವನ್ನು ಆ ಕಡೆ ಇಡಲೂ ಆಗದೆ, ಈ ಕಡೆ ಇಟ್ಟರೆ ಅಪ್ಪನಿಗೆ ಮುಟ್ಟುತ್ತದೋ ಇಲ್ಲವೋ ಎಂದು ತಿಳಿಯದೆ, ಬದುವಿನ ನೆತ್ತಿಯ ಮೇಲಿಟ್ಟು ಬರುತ್ತಿದ್ದ. ಅವನ ತಮ್ಮ ಆ ಹೊತ್ತಿಗೆ ಸರಿಯಾಗಿ ಅಲ್ಲೇ ಕುಂಟೆ ಹೊಡೆಯಲು ಬರುತ್ತಿದ್ದ.

ಈಗ ತಾತನಿಗೂ ಮೂವರು ಗಂಡುಮಕ್ಕಳು. ಹೊಲವನ್ನು ತಾನೇ ಮೂರು ಪಟ್ಟಿ ಮಾಡಿ ಹಂಚಿದ್ದ. ಊರಿನಲ್ಲೇ ಉಳಿದ ದೊಡ್ಡಪ್ಪನಿಗೆ ಒಂದು. ರಾಯಚೂರಿನ ಹತ್ತಿ ಮಿಲ್ಲಿನಲ್ಲಿ ಗುಮಾಸ್ತನಾಗಿದ್ದ ನಮ್ಮಪ್ಪನಿಗೆ ಒಂದು. ಮಾನ್ವಿಯಲ್ಲಿ ಮಾವನ ಮನೆ ಸೇರಿ ಭತ್ತದ ವ್ಯಾಪಾರ ಮಾಡುತ್ತಿದ್ದ ಕಾಕಾನಿಗೆ ಒಂದು. ಯಾವ ಪಟ್ಟಿಯಲ್ಲಿ ಮಲಗಿದರೂ ಇನ್ನಿಬ್ಬರು ಬದುವಿನ ಮೇಲೆ ನಿಂತು ಕಾಯಿ ಒಡೆಯಬೇಕಾದೀತು ಎಂಬುದು ತಾತನ ಲೆಕ್ಕ. "ನೀರಿಗಿ ಬದು ಹಾಕಾಕ ಬರಲ್ಲ" ಎಂದು ಅವನು ಒಮ್ಮೆ ಅಡಿಕೆ ಕತ್ತರಿಸುತ್ತ ಅಜ್ಜಿಗೆ ಹೇಳಿದ್ದನ್ನು ನಾನೇ ಕೇಳಿದ್ದೆ.

ಅಜ್ಜಿ ಅದಕ್ಕೆ ಸೊಪ್ಪು ಹಾಕಲಿಲ್ಲ. "ನೀ ನೀರಾಗ ಹೋಗ್ತಿ. ನಾ ಎಲ್ಲಿ ಮಲಗ್ಲಿ?" ಎಂದು ಕೇಳಿದಳು.

"ನೀನೂ ಬಾ."

"ನನಗ ನೀರಂದ್ರ ಅಂಜಿಕಿ. ಗೊತ್ತದಲ್ಲ ನಿನಗ?"

ತಾತ ಸುಣ್ಣದ ಡಬ್ಬಿ ಹುಡುಕಿದ. ಮಕ್ಕಳು ಮೂವರ ಜಗಳ ತಪ್ಪಿಸುವ ಯೋಚನೆಯಲ್ಲಿ ಇವಳ ವಿಚಾರ ಅವನ ತಲೆಗೆ ಬಂದೇ ಇರಲಿಲ್ಲ. ಅಜ್ಜಿಗೆ ಕೊನೆಯವರೆಗೂ ಉಳಿದದ್ದು ಆ ಒಂದೇ ಸಿಟ್ಟು.

ಎಂಬತ್ತರ ದಶಕದ ಆರಂಭದ ಒಂದು ಫಾಲ್ಗುಣದಲ್ಲಿ ತಾತ ರಾಯಚೂರಿನ ದವಾಖಾನೆಯಲ್ಲಿ ತೀರಿಕೊಂಡ. ಖಬರು ಹೋಗಿ ಊರಿನಿಂದ ನೆಂಟರೆಲ್ಲ ಒಂದು ಲಾರಿಯಲ್ಲಿ ಬಂದಿಳಿದರು. ಪ್ರತಿಯೊಬ್ಬರ ಹೆಗಲ ಮೇಲೂ ಗುದ್ದಲಿ, ಸಲಿಕೆ. ಸಾವಿಗೆ ಹೋಗುವುದೆಂದರೆ ಅವರಿಗೆ ತೆಗ್ಗು ತೋಡಲು ಹೋಗುವುದೆಂದೇ ಅರ್ಥ. ಸುಡುವುದಿದೆ ಎಂದು ಗೊತ್ತಾದ ಮೇಲೆ ಆ ಸಾಮಾನನ್ನು ಎಲ್ಲಿಡಬೇಕೆಂದು ತಿಳಿಯದೆ, ಬಂಧುಗಳು ಗುದ್ದಲಿ ಹೊತ್ತೇ ಮೆರವಣಿಗೆಯಲ್ಲಿ ನಡೆದರು. ನೋಡಿದವರು ಯಾವುದೋ ಕೂಲಿಕಾರರ ಮುಖಂಡ ಸತ್ತಿದ್ದಾನೆಂದು ಟೋಪಿ ತೆಗೆದು ದಾರಿ ಬಿಟ್ಟರು.

ಸುಡುಗಾಡಿನಲ್ಲಿ ನಮ್ಮ ಅಜ್ಞಾನ ಇನ್ನಷ್ಟು ಬೆಳಗಿತು. ದೊಡ್ಡಪ್ಪ ಬೆಂಕಿ ಇಟ್ಟ. ಕಟ್ಟಿಗೆ ಹೊತ್ತಿಕೊಳ್ಳುತ್ತಿದ್ದಂತೆ ನಮ್ಮೂರ ಹಿರಿಯನೊಬ್ಬ ಅಭ್ಯಾಸಬಲದಿಂದ ಬಾಗಿ, ಒಂದು ಹಿಡಿ ಮಣ್ಣು ತೆಗೆದು, ಕಣ್ಣೊರೆಸಿಕೊಂಡು ಚಿತೆಗೆ ಹಾಕಿದ. ಅವನ ಹಿಂದೆ ಇನ್ನೊಬ್ಬ. ಆಮೇಲೆ ಸಾಲುಗಟ್ಟಿ ಎಲ್ಲರೂ. ಸತ್ತವನಿಗೆ ಮಣ್ಣು ಹಾಕದೆ ತಿರುಗಿ ಹೋಗುವುದು ಹೇಗೆ? ಕೊನೆಗೆ ನಾನೂ ಹಾಕಿದೆ. ಕಾಲೇಜಿನಲ್ಲಿ ಓದುವವನು ಹಿಂದೆ ಬಿದ್ದ ಎನ್ನಬಾರದಲ್ಲ. ಬೆಂಕಿ ಹೊಗೆಯಾಗಿ, ಹೊಗೆ ಬರೀ ವಾಸನೆಯಾಗಿ ಉಳಿಯಿತು. ಸುಡುಗಾಡು ಕಾಯುವವನು ಓಡಿ ಬಂದ. "ಯಾರ್ರಿ ನೀವು? ಬೆಂಕಿಗಿ ಯಾರರ ಮಣ್ಣು ಹಾಕ್ತಾರೇನ್ರಿ? ಆರಸಾಕ ಬಂದೀರೋ ಸುಡಾಕ ಬಂದೀರೋ?" ಎಂದು ಬಾಯಿಗೆ ಬಂದಂತೆ ಬೈದು, ಸೀಮೆಎಣ್ಣೆ ತರಿಸಿ, ನಮ್ಮನ್ನೆಲ್ಲ ದೂರ ನಿಲ್ಲಿಸಿದ. ಹಿರಿಯರು ಕೈಯಲ್ಲಿ ಉಳಿದ ಮಣ್ಣನ್ನು ಎಲ್ಲಿ ಬಿಡಬೇಕೆಂದು ತಿಳಿಯದೆ ಜೇಬಿಗೆ ಹಾಕಿಕೊಂಡರು.

ಮೂರನೆಯ ದಿನ ಸುಡುಗಾಡು ಕಾಯುವವನೇ ಬೂದಿ ಆರಿಸಿ ಗಡಿಗೆಗೆ ತುಂಬಿ ಬಾಯಿ ಕಟ್ಟಿ ಕೊಟ್ಟ. ನಮ್ಮಲ್ಲಿ ಒಬ್ಬರಿಗೂ ಒಳಗೆ ಇಣುಕುವ ಧೈರ್ಯವಿರಲಿಲ್ಲ. ಪಕ್ಕದ ಮನೆಯ ಆಚಾರ್ಯರು ಕಾಂಪೌಂಡಿನ ಆಚೆಯಿಂದಲೇ ಕೈಯೆತ್ತಿ, "ಒಳಗ ಒಯ್ಯಬ್ಯಾಡ್ರಿ, ಮನಿಯೊಳಗ ಇಡೋಹಂಗಿಲ್ಲ ಅದನ್ನ. ಹೊಳಿಗಿ ಹೋಗೋತನಕ ಗಿಡಕ್ಕ ಕಟ್ರಿ" ಎಂದರು. ಆಗ ನಾನು ಮೊಳೆ ಹೊಡೆದದ್ದು.

ನಾಲ್ಕು ದಿನದ ಮಾತು ಎಂದುಕೊಂಡಿದ್ದೆವು. ಆದರೆ ಹೊಳೆ ಎಂದರೆ ಯಾವ ಹೊಳೆ ಎಂದು ತಾತ ಹೇಳಿರಲಿಲ್ಲ. ನಮ್ಮ ಜಿಲ್ಲೆಗೆ ದೇವರು ಮಳೆ ಕೊಡುವುದರಲ್ಲಿ ಮಾಡಿದ ಜಿಪುಣತನವನ್ನು ಹೊಳೆ ಕೊಡುವುದರಲ್ಲಿ ಮಾಡಲಿಲ್ಲ. ಬಡಗಣಕ್ಕೆ ಒಂದು, ತೆಂಕಣಕ್ಕೆ ಒಂದು. ದೊಡ್ಡಪ್ಪನ ದೃಷ್ಟಿಯಲ್ಲಿ ಹೊಳೆ ಎಂದರೆ ಕೃಷ್ಣೆ. ತಾತ ಎಮ್ಮೆ ತೊಳೆದದ್ದು ಅದರಲ್ಲಿ. ಕಾಕಾನ ದೃಷ್ಟಿಯಲ್ಲಿ ತುಂಗಭದ್ರೆ. ಮಾನ್ವಿ ಕಡೆಗೆ ಕಾಲುವೆಯ ನೀರು ಬಂದಂದಿನಿಂದ ಆ ನದಿಯನ್ನು ತಾನೇ ಕೈಹಿಡಿದು ಕರೆತಂದವನ ಹಾಗೆ ಅವನು ಮಾತನಾಡುತ್ತಿದ್ದ.

"ನಿಂದು ಕಾಲುವಿ ನೀರು. ಗೇಟ್ ಇಳಿಸಿದ್ರ ಬಂದ್" ಎಂದ ದೊಡ್ಡಪ್ಪ. "ಯಪ್ಪ ಹೋಗಿ ಯಾರದೋ ಗದ್ದ್ಯಾಗ ನಿಂತು ಭತ್ತ ಆಗ್ಬೇಕೇನು?"

"ಭತ್ತರ ಆಗ್ತಾನ. ನಿನ್ನ ಹೊಳ್ಯಾಗ ಬ್ಯಾಸಗಿಗಿ ಏನದ? ಬಂಡಿಗಲ್ಲು. ಯಪ್ಪನ್ನ ಕಲ್ಲಿನ ಮ್ಯಾಲ ಒಣಗಾಕ ಹಾಕ್ತೀಯಾ?" ಎಂದ ಕಾಕಾ.

ನಮ್ಮಪ್ಪ ಇಬ್ಬರ ನಡುವೆ ಕುಳಿತು, "ಇಬ್ರು ಹೇಳೋದೂ ಖರೇ ಅದ" ಎಂದ. ಅವನು ಬದುಕಿನುದ್ದಕ್ಕೂ ಹೇಳಿದ್ದು ಇದೊಂದೇ ಮಾತು. ರಾಯಚೂರಿಗೆ ತನ್ನದೆಂದು ಹೇಳಿಕೊಳ್ಳಲು ಒಂದು ಕೆರೆ ಮತ್ತು ಮನಸ್ಸು ಬಂದಾಗ ಬರುವ ನಳ ಇದ್ದುದರಿಂದ ಅವನು ತನ್ನ ಹಕ್ಕು ಸಾಧಿಸುವ ಹಾಗಿರಲಿಲ್ಲ.

ಆಗ ನಾನು ನನ್ನ ವಿದ್ಯೆ ಹೊರತೆಗೆದೆ. ಭೂಗೋಳದ ಪುಸ್ತಕ ತಂದು, ನಕ್ಷೆ ಬಿಡಿಸಿ, ಎರಡೂ ನದಿಗಳು ಮುಂದೆ ಹೋಗಿ ಒಂದಾಗುತ್ತವೆ, ಎಲ್ಲಿ ಬಿಟ್ಟರೂ ತಾತ ಸೇರುವುದು ಒಂದೇ ನೀರಿಗೆ ಎಂದು ಪೆನ್ಸಿಲ್ಲಿನಿಂದ ತೋರಿಸಿದೆ. ಹಿರಿಯರು ಕಣ್ಣಲ್ಲಿ ನೀರು ತುಂಬಿಕೊಂಡು ನನ್ನನ್ನು ಅಪ್ಪುತ್ತಾರೆಂದು ನಾನು ನಿಂತಿದ್ದೆ. ದೊಡ್ಡಪ್ಪ ನಕ್ಷೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಕೂಡೋದು ಆಂಧ್ರದಾಗ. ಅಲ್ಲಿ ಹೋಗಿ ಏನು ಮಾಡ್ತಾನ? ನಮ್ಮಪ್ಪಗ ತೆಲುಗು ಬರ್ತಿದ್ದಿಲ್ಲ" ಎಂದು ಪುಸ್ತಕ ಮುಚ್ಚಿದ. ಈ ಒಂದು ವಿಷಯದಲ್ಲಿ ಕಾಕಾ ಅಣ್ಣನ ಮಾತಿಗೆ ತಲೆಯಾಡಿಸಿದ.

ಹೀಗೆ ತಕರಾರು ಹೋಳಿ ದಾಟಿತು, ಯುಗಾದಿ ದಾಟಿತು. ಗಡಿಗೆ ಗಾಳಿಗೆ ತೂಗುತ್ತಿತ್ತು. ಹೊಸ ಪೋಸ್ಟ್‌ಮ್ಯಾನ್ ಅದನ್ನು ದೃಷ್ಟಿಗೆ ಕಟ್ಟಿದ್ದೆಂದು ತಿಳಿದು ತನ್ನ ಮನೆಗೂ ಅಂಥದ್ದೊಂದು ಕಟ್ಟಿಸಿದನಂತೆ. ಅಜ್ಜಿ ದಿನಾ ಗಿಡದ ಕೆಳಗೆ ಕಾಲು ಚಾಚಿ ಕುಳಿತು ಬೀಸಣಿಕೆ ಆಡಿಸುತ್ತಿದ್ದಳು. ಒಮ್ಮೊಮ್ಮೆ ಬೀಸಣಿಕೆ ಮೇಲಕ್ಕೂ ಹೋಗುತ್ತಿತ್ತು. "ನೋಡಿದೇನು? ಹೊಲ ಹಂಚಿ ಸಾಕಾಗಲಿಲ್ಲ ಅವ್ರಿಗಿ. ಹೊಳಿ ಹಂಚಾಕತ್ತಾರ" ಎಂದು ಗಡಿಗೆಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ನಗು ಬಂತು. ಆಮೇಲೆ ಅವಳ ಮುಖ ನೋಡಿ ನಗು ಹೋಯಿತು.

ಒಂದು ಬೆಳಿಗ್ಗೆ ಅಜ್ಜಿ ಊರಿಗೆ ಹೋಗುತ್ತೇನೆ, ಹುಣಸೆಹಣ್ಣು ಬಡಿಸಿಕೊಂಡು ಬರಬೇಕು ಎಂದು ಹೊರಟಳು. ಬಸ್‌ಸ್ಟ್ಯಾಂಡಿಗೆ ಬಿಡಲು ಹೋದವನು ನಾನು. ಅವಳ ಬುತ್ತಿಯ ಗಂಟನ್ನು ಸೈಕಲ್ಲಿಗೆ ಸಿಗಿಸಲು ಹೋದರೆ, "ಬ್ಯಾಡ, ಕೈಯಾಗ ಹಿಡ್ಕೊಂಡು ನಡಿ" ಎಂದಳು. ತೂಕವಿತ್ತು. ಏನಿದು ಇಷ್ಟು ಭಾರ ಎಂದರೆ, "ಸಜ್ಜಿ ರೊಟ್ಟಿ" ಎಂದಳು. ಅಜ್ಜಿಯ ರೊಟ್ಟಿ ಯಾವತ್ತೂ ದಪ್ಪವೇ ಆದ್ದರಿಂದ ನಾನು ಮುಂದೆ ವಿಚಾರಿಸಲಿಲ್ಲ. ದೇವದುರ್ಗದ ಬಸ್ಸಿನಲ್ಲಿ ಕಂಡಕ್ಟರ್ ಗಂಟನ್ನು ಸೀಟಿನ ಕೆಳಗೆ ಇಡು ಎಂದಾಗ ಅವಳು ಅವನನ್ನು ನೋಡಿದ ರೀತಿಗೆ ಅವನು ಮುಂದಿನ ಸೀಟಿಗೆ ಹೋಗಿಬಿಟ್ಟ. ಗಂಟು ಅವಳ ತೊಡೆಯ ಮೇಲೆ ಕುಳಿತೇ ಹೋಯಿತು. ಮನೆಗೆ ಬಂದರೆ ಅವ್ವ ಗಡಿಗೆಗೆ ಹೊಸ ಕೆಂಪು ಬಟ್ಟೆ ಕಟ್ಟುತ್ತಿದ್ದಳು. ಹಳೆಯದು ಬಿಸಿಲಿಗೆ ಬಣ್ಣ ಹೋಗಿತ್ತು ಎಂದಳು. ನಮ್ಮ ಮನೆಯ ಹೆಂಗಸರು ಎಷ್ಟು ಅಚ್ಚುಕಟ್ಟು ಎಂದು ನನಗೆ ಹೆಮ್ಮೆಯಾಯಿತು.

ಕೊನೆಗೆ ಮಳೆಗಾಲದ ಮೊದಲು ನಮ್ಮ ಮನೆತನ ತನಗೆ ಗೊತ್ತಿರುವ ಒಂದೇ ಪರಿಹಾರಕ್ಕೆ ಬಂದಿತು: ಪಾಲು ಮಾಡುವುದು. ಊರಿನಿಂದ ಇಬ್ಬರು ಹಿರಿಯರು ಬಂದು ಬೇವಿನ ಕಟ್ಟೆಯ ಮೇಲೆ ಕುಳಿತರು. ಅಡಿಗೆ ಮನೆಯಿಂದ ಪಾವು ತಂದರು. ಗಡಿಗೆ ಇಳಿಸಿ ಬಟ್ಟೆ ಬಿಚ್ಚಿದಾಗ ಎಲ್ಲರೂ ಅಂಜುತ್ತ ಬಗ್ಗಿದರು. ಒಳಗೆ ಹಿಟ್ಟಿನಂಥ ನುಣ್ಣನೆಯ ಬೂದಿ. ಒಬ್ಬ ಹಿರಿಯ ಬೆರಳಾಡಿಸಿ ಕಣ್ಣಿಗೊತ್ತಿಕೊಂಡ. "ಎಂಥಾ ಪುಣ್ಯವಂತ ನೋಡ್ರಿ. ಒಂದು ಎಲುಬಿನ ಚೂರೂ ಉಳದಿಲ್ಲ" ಎಂದ. ಹೌದೌದು ಎಂದು ಎಲ್ಲರೂ ಕೈ ಮುಗಿದರು. ತಲೆತಲಾಂತರದಿಂದ ಹೂಳಿಕೊಂಡು ಬಂದ ನಮಗೆ ಸುಟ್ಟವರು ಹೇಗಿರುತ್ತಾರೆಂದು ಹೇಗೆ ಗೊತ್ತಾಗಬೇಕು? ಗೊತ್ತಿದ್ದ ಆಚಾರ್ಯರು ಮೈಲಿಗೆಯಾದೀತೆಂದು ಕಾಂಪೌಂಡಿನ ಆಚೆಗೆ ಮುಖ ತಿರುಗಿಸಿ ನಿಂತಿದ್ದರು. ಹಿರಿಯಣ್ಣನಿಗೆ ಒಂದು ಹಿಡಿ ಹೆಚ್ಚು ಬರಬೇಕೆಂದು ದೊಡ್ಡಪ್ಪ, ಸರಿಸಮ ಬರಬೇಕೆಂದು ಕಾಕಾ. ಪಾವಿನ ಬಾಯಿಯನ್ನು ಜೋಳ ಅಳೆದ ಹಾಗೆ ಅಂಗೈಯಿಂದ ಸವರಿ ಸವರಿ ಅಳೆದರು. ನಮ್ಮಪ್ಪ ತನ್ನ ಪಾಲನ್ನು ಇಬ್ಬರಿಗೂ ಅರ್ಧರ್ಧ ಬಿಟ್ಟುಕೊಟ್ಟು ಬಹಳ ಒಳ್ಳೆಯವನೆನಿಸಿಕೊಂಡ. ಆ ವಾರದಲ್ಲೇ ಅರ್ಧ ಕೃಷ್ಣೆಗೂ ಅರ್ಧ ತುಂಗಭದ್ರೆಗೂ ವಾದ್ಯದೊಡನೆ ಹೋಯಿತು. ಅಜ್ಜಿ ಎರಡಕ್ಕೂ ಹೋಗಲಿಲ್ಲ. ನೀರಂದ್ರ ಅಂಜಿಕಿ ಎಂದಳು.

ಇದಾಗಿ ಎರಡು ಸುಗ್ಗಿ ಕಳೆದ ಮೇಲೆ ಹೆಳವ ಬಂದ. ಅವನು ಬರುವ ಸುದ್ದಿ ಮೊದಲೇ ತಿಳಿದು ಮೂವರು ಅಣ್ಣತಮ್ಮಂದಿರೂ ಊರಿನ ಮನೆಯಲ್ಲಿ ಸೇರಿದ್ದರು. ತಾತನ ಹೆಸರು ವಂಶಾವಳಿಗೆ ಸೇರುವ ದಿನ. ಭರ್ಜರಿ ಹೋರಿಕರು ಕೊಡುವುದೆಂದು ಗೊತ್ತಾಗಿದ್ದರಿಂದ ಮೂಲಪುರುಷ ಅವತ್ತು ಎರಡು ಹುಲಿ ಕೊಂದ. ಹೆಸರುಗಳು ಒಂದರ ಹಿಂದೊಂದು ಬಂದು ತಾತನ ಹತ್ತಿರ ನಿಂತವು. ಹೆಳವ ಗಂಟೆ ನಿಲ್ಲಿಸಿ, "ಎಲ್ಲಿ ಮಣ್ಣಾದ್ರೀ ಗೌಡ್ರು?" ಎಂದು ಕೇಳಿದ.

"ಕೃಷ್ಣಾದಾಗ" ಎಂದ ದೊಡ್ಡಪ್ಪ. "ತುಂಗಭದ್ರಾದಾಗ" ಎಂದ ಕಾಕಾ. ಇಬ್ಬರೂ ಒಮ್ಮೆಲೇ ಹೇಳಿದ್ದರಿಂದ ಅವನಿಗೆ ತಿಳಿಯಲಿಲ್ಲ. ತಿಳಿದ ಮೇಲೆ ಅವನು ಗಡ್ಡ ಕೆರೆದುಕೊಂಡ. "ನೀರಾಗ ಹೋದವ್ರಿಗಿ ನಮ್ಮಲ್ಲಿ ಒಂದೇ ಮಾತದರಿ. ಹೊಳಿ ಪಾಲಾದ ಅಂತ. ಈಸು ಬರದವ್ರಿಗಿ ಹಂಗ ಹೇಳೋದು. ಹಂಗ ಹೇಳ್ಲ್ಯಾ?"

ಮೂವರು ಮಕ್ಕಳ ಅಪ್ಪ, ಇಷ್ಟು ವರ್ಷ ಊರಿನ ನ್ಯಾಯ ಹೇಳಿದವನು, ಎಮ್ಮೆ ತೊಳೆಯಲು ಹೋಗಿ ಮುಳುಗಿದವನ ಹಾಗೆ ಚರಿತ್ರೆ ಸೇರುವುದರಲ್ಲಿದ್ದ. ನಮ್ಮಪ್ಪ ಕೂಡ ಈ ಸಲ ಇಬ್ಬರು ಹೇಳಿದ್ದೂ ಖರೆ ಎನ್ನಲಿಲ್ಲ.

ಬಾಗಿಲ ಹೊಸ್ತಿಲ ಮೇಲೆ ಶೇಂಗಾ ಸುಲಿಯುತ್ತ ಕುಳಿತಿದ್ದ ಅಜ್ಜಿ ತಲೆಯೆತ್ತದೆ ಹೇಳಿದಳು. "ಬಾವಿ ದಂಡಿ ಮ್ಯಾಲ, ಹುಣಸಿ ಗಿಡದ ಬುಡಕ ಮಣ್ಣಾದ. ಹಂಗ ಹೇಳಪಾ."

"ಯವ್ವಾ, ಏನು ಮಾತಾಡಾಕತ್ತಿ?" ಎಂದ ದೊಡ್ಡಪ್ಪ.

"ಖರೇನ ಮಾತಾಡಾಕತ್ತೀನಿ. ನಿಮ್ಮಪ್ಪ ಹೊಲಕ್ಕ ಒಯ್ತಿದ್ನಲ್ಲ, ಆ ಬುತ್ತಿ ಡಬ್ಬ್ಯಾಗ ಅಂವನ್ನ ಹಾಕ್ಕೊಂಡು ಬಂದು ಇಟ್ಟೀನಿ. ಬಾಜೂಕ ನನಗೂ ಜಾಗ ಹಿಡದೀನಿ."

ಕಾಕಾ ಎದ್ದು ನಿಂತ. "ಹಂಗಾದ್ರ ನಾವು ವಾದ್ಯ ಬಾರಿಸ್ಕೊಂಡು ಹೋಗಿ ಬಿಟ್ಟದ್ದು ಏನು?"

"ಒಲಿ ಬೂದಿ. ನಿಮ್ಮ ಜಗಳಕ್ಕ ಅಷ್ಟು ಸಾಕಿತ್ತು."

ಅವ್ವ ಅಡಿಗೆ ಮನೆಯಿಂದ ಹೊರಗೆ ಬರಲಿಲ್ಲ. ನನಗೆ ಆ ಬುತ್ತಿಯ ಗಂಟಿನ ತೂಕ ಅಂಗೈಗೆ ಬಂದ ಹಾಗಾಯಿತು. ತಾತನನ್ನು ನಾನು ಎತ್ತಿಕೊಂಡು ಬಸ್‌ಸ್ಟ್ಯಾಂಡಿನವರೆಗೆ ನಡೆದಿದ್ದೆ. ದಾರಿಯಲ್ಲಿ ಎರಡು ಸಲ ಗೊಣಗಿಯೂ ಇದ್ದೆ.

ದೊಡ್ಡಪ್ಪನಿಗೆ ಇನ್ನೂ ಒಂದು ಸಂಶಯ ಉಳಿದಿತ್ತು. ಎಷ್ಟಾದರೂ ಪಾಲು ಮಾಡಿ ಬೆಳೆದ ರಕ್ತ. "ಬಾವಿ ದಂಡಿ ಯಾರ ಪಾಲಿನಾಗ ಬರ್ತದ?" ಎಂದು ಮೆಲ್ಲಗೆ ಕೇಳಿದ.

"ಯಾರ ಪಾಲಿನಾಗೂ ಬರಲ್ಲ. ಹೊಲ ಮೂರು ಮಾಡಿದ ನಿಮ್ಮಪ್ಪ, ಬಾವಿ ಮೂರು ಮಾಡಾಕ ಬರಲಿಲ್ಲ ಅಂವಗ. ಅದು ಮೂರೂ ಮಂದೀದು. ಕಾಯಿ ಒಡಿಯಾಕ ಬರ್ರಿ, ಯಾರ ಹುಕುಮೂ ಬೇಕಾಗಿಲ್ಲ" ಎಂದಳು ಅಜ್ಜಿ. ಶೇಂಗಾ ಸಿಪ್ಪೆ ಝಾಡಿಸಿ ಒಳಗೆ ಹೋದಳು.

ತಾತ ನಾಲ್ಕು ರಾತ್ರಿ ರೈಲಿನಲ್ಲಿ ಕುಳಿತು ಕಾಶಿಯವರೆಗೆ ಹೋಗಿ ಹುಡುಕಿದ್ದು ತನ್ನ ಹೊಲದಲ್ಲೇ ಇತ್ತು. ಅವನು ಆ ಬಾವಿಯ ನೀರು ಕುಡಿದೇ ಬದುಕಿದ್ದ. ಹೆಳವ ಮಾತ್ರ ಏನೂ ಆಗದವನ ಹಾಗೆ ಗಂಟೆ ಎತ್ತಿಕೊಂಡು, ಬಾವಿ ದಂಡೆ, ಹುಣಸೆ ಗಿಡ ಎಂದು ರಾಗಕ್ಕೆ ಕೂಡಿಸಿ ಹೇಳಿ ಮುಗಿಸಿದ.

ಇದರಿಂದ ಅಣ್ಣತಮ್ಮಂದಿರು ಒಂದಾದರು ಎಂದು ನಾನು ಬರೆದರೆ ನೀವು ನಂಬಬೇಡಿ. ಬಾವಿಯ ಪಾಳಿಯ ಸಲುವಾಗಿ ಅವರ ಜಗಳ ಮುಂದುವರಿಯಿತು. ಅಮಾವಾಸ್ಯೆಯ ದಿನ ಮಾತ್ರ ಮೂವರೂ ಕಾಯಿ ಹಿಡಿದು ಬಾವಿಯ ದಂಡೆಗೆ ಬರುತ್ತಿದ್ದರು. ಒಬ್ಬರ ಮುಖ ಒಬ್ಬರು ನೋಡದಿದ್ದರೂ, ನಿಲ್ಲುತ್ತಿದ್ದುದು ಒಂದೇ ಗಿಡದ ನೆರಳಿನಲ್ಲಿ.

ಮುಂದೆ ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅಜ್ಜಿ ತೀರಿಕೊಂಡಳು. ನೆಂಟರು ಗುದ್ದಲಿ ಸಲಿಕೆ ಹೊತ್ತು ಬಂದರು, ಮತ್ತು ಈ ಸಲ ಅವರಿಗೆ ಕೆಲಸವಿತ್ತು. ಹುಣಸೆ ಗಿಡದ ಬುಡದಲ್ಲಿ ಮೂವರು ಮಕ್ಕಳೇ ಮೊದಲು ಅಗೆದರು. ಅಗೆಯುತ್ತ ಅಗೆಯುತ್ತ ಕಾಕಾನ ಸಲಿಕೆ ಠಣ್ಣೆಂದಿತು. ಮಣ್ಣಿನ ಗೋಡೆಯಲ್ಲಿ ಬುತ್ತಿ ಡಬ್ಬಿಯ ಅಂಚು ಕಂಡಿತು. ಅವನು ಸಲಿಕೆ ಬಿಟ್ಟು ಅಲ್ಲೇ ಕುಳಿತುಬಿಟ್ಟ. ಯಾವತ್ತೂ ಸ್ವಂತ ಅಭಿಪ್ರಾಯವಿಲ್ಲದ ನಮ್ಮಪ್ಪ, "ಅದನ್ನ ಮುಟ್ಟಬ್ಯಾಡ್ರಿ. ಸ್ವಲ್ಪ ಈಚಿಗಿ ಅಗೀರಿ, ಯವ್ವಗ ಅಷ್ಟು ಸಾಕು" ಎಂದ. ಅಣ್ಣನೂ ತಮ್ಮನೂ ಅವನು ಹೇಳಿದ ಹಾಗೆ ಅಗೆದರು.

ಅಜ್ಜಿಯನ್ನು ಇಳಿಸಿದ ಮೇಲೆ ಎಲ್ಲರೂ ಸಾಲಾಗಿ ಬಂದು ಒಂದೊಂದು ಹಿಡಿ ಮಣ್ಣು ಹಾಕಿದರು. ಅಂದು ಸುಡುಗಾಡಿನಲ್ಲಿ ಬೈಸಿಕೊಂಡ ನಮ್ಮೂರ ಹಿರಿಯ, ಈಗ ಇನ್ನೂ ಬಗ್ಗಿಹೋಗಿದ್ದವನು, ಅಜ್ಜಿಗೆ ಹಾಕಿ ಮುಗಿಸಿ, ಮತ್ತೊಮ್ಮೆ ಬಾಗಿ ಇನ್ನೊಂದು ಹಿಡಿ ತೆಗೆದು ಡಬ್ಬಿಯಿದ್ದ ಕಡೆಗೆ ಹಾಕಿದ. ಅವನ ಹಿಂದೆ ಬಂದವರೂ ಎರಡೆರಡು ಹಿಡಿ ಹಾಕಿದರು. ನಾನೂ ಹಾಕಿದೆ. ಈ ಸಲ ಬೈಯಲು ಯಾರೂ ಓಡಿ ಬರಲಿಲ್ಲ.